ಜರ್ಮನಿಯ ಉದ್ಯೋಗ ಮೇಳ: ಸ್ಟಾಲ್ ಮುಂದೆ ನಿಲ್ಲುವ ಮೊದಲೇ ತೀರ್ಮಾನವಾಗುವ ಸಂಗತಿಗಳು

ಜರ್ಮನ್ ಕಂಪನಿಯ ಸ್ಟಾಲ್ ಮುಂದೆ ಸರದಿಯಲ್ಲಿ ನಿಂತ ಭಾರತೀಯ ಎಂಜಿನಿಯರ್‌ಗೆ ಮಾತಾಡಲು ಸಿಗುವುದು ಹೆಚ್ಚೆಂದರೆ ಐದಾರು ನಿಮಿಷ. ಆ ಕಡೆ ಕೂತ ಎಚ್‌ಆರ್‌ನವರು ಸಾಮಾನ್ಯವಾಗಿ ತಾಂತ್ರಿಕ ಪ್ರಶ್ನೆಯಿಂದ ಮಾತು ಆರಂಭಿಸುವುದಿಲ್ಲ. ನಿಮ್ಮ ಪದವಿಗೆ ಜರ್ಮನಿಯಲ್ಲಿ ಮಾನ್ಯತೆ ಇದೆಯೇ? ಜರ್ಮನ್ ಭಾಷೆ ಯಾವ ಹಂತದವರೆಗೆ ಬರುತ್ತದೆ? ಈಗಿರುವ ಕೆಲಸ ಬಿಟ್ಟು ಹೊರಡಲು ಎಷ್ಟು ತಿಂಗಳು ಬೇಕು? ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆಯೇ ಸಿ ಪ್ಲಸ್ ಪ್ಲಸ್ಸೋ, ಕ್ಯಾಡೋ, ಪಿಎಲ್‌ಸಿಯೋ ಎಂಬ ಮಾತು. 'ವಿಚಾರಿಸಿ ತಿಳಿಸುತ್ತೇನೆ' ಎಂದರೆ ಮಾತು ಅಲ್ಲಿಗೇ ನಿಂತಿತು. ಬಟ್ಟೆ ಚೀಲ, ಪೆನ್ನು, ಕರಪತ್ರ ಹಿಡಿದು ಮುಂದಿನ ಸ್ಟಾಲಿಗೆ ನಡೆಯಬೇಕು.

ಮೇಳ ಎಂದರೆ ಕೆಲಸ ಹಂಚುವ ಜಾಗ ಎಂದುಕೊಂಡು ಹೋಗುವವರೇ ಜಾಸ್ತಿ. ನಿಜಕ್ಕೂ ಅಲ್ಲಿ ನಡೆಯುವುದು ಜರಡಿ ಹಿಡಿಯುವ ಕೆಲಸ. ಕಂಪನಿಗೆ ನೀವು ಎಷ್ಟೇ ಹಿಡಿಸಿದರೂ ವೀಸಾ ಕೊಡುವುದು ಜರ್ಮನ್ ಸರ್ಕಾರ. ಅದು ನೋಡುವುದು ಮುಖ್ಯವಾಗಿ ಮಾನ್ಯವಾದ ವಿದ್ಯಾರ್ಹತೆ, ಅದಕ್ಕೆ ತಕ್ಕ ಮಟ್ಟದ ಕೆಲಸದ ಕರಾರು ಮತ್ತು ಕಾನೂನು ಹೇಳಿದ ಮಿತಿಗಿಂತ ಕಡಿಮೆಯಿಲ್ಲದ ಸಂಬಳ. ನರ್ಸಿಂಗ್‌ನಂಥ ವೃತ್ತಿಗಳಲ್ಲಿ ಇವುಗಳ ಜೊತೆಗೆ ಭಾಷೆಯೂ ಬೇಕು. ಇವುಗಳಲ್ಲಿ ಯಾವುದು ನಿಮ್ಮಲ್ಲಿದೆ, ಯಾವುದು ಇಲ್ಲ ಎಂಬುದು ಮೇಳಕ್ಕೆ ಆರು ತಿಂಗಳ ಮುಂಚೆಯೇ ಗೊತ್ತಿದ್ದರೆ ಆ ಐದು ನಿಮಿಷ ಸಾಕು. ಗೊತ್ತಿಲ್ಲದಿದ್ದರೆ ಐದು ದಿನ ಕೊಟ್ಟರೂ ಸಾಲದು.

90 ಸಾವಿರದ ಲೆಕ್ಕ

2022ರ ಡಿಸೆಂಬರ್ 5ರಂದು ವಿದೇಶಾಂಗ ಸಚಿವರಾದ ಎಸ್. ಜೈಶಂಕರ್ ಮತ್ತು ಅನ್ನಲೇನಾ ಬೇರ್‌ಬಾಕ್ ದೆಹಲಿಯಲ್ಲಿ ಎರಡೂ ದೇಶಗಳ ನಡುವಿನ ವಲಸೆ ಮತ್ತು ಸಂಚಾರ ಒಪ್ಪಂದಕ್ಕೆ ಸಹಿ ಹಾಕಿದರು. 2023ರ ನವೆಂಬರ್, 2024ರ ಮಾರ್ಚ್ ಮತ್ತು ಜೂನ್, ಹೀಗೆ ಮೂರು ಕಂತಿನಲ್ಲಿ ಜರ್ಮನಿ ತನ್ನ ನುರಿತ ಕೆಲಸಗಾರರ ವಲಸೆ ಕಾನೂನನ್ನು ಸಡಿಲಿಸಿತು. 2024ರ ಅಕ್ಟೋಬರ್‌ನಲ್ಲಿ, ಚಾನ್ಸೆಲರ್ ಓಲಾಫ್ ಶೋಲ್ಜ್ ದೆಹಲಿಗೆ ಬಂದಿದ್ದಾಗ, ನುರಿತ ಭಾರತೀಯರಿಗೆ ಕೊಡುವ ವೀಸಾಗಳ ಸಂಖ್ಯೆಯನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವ ಮಾತು ಹೊರಬಿತ್ತು.

ಈ 90,000 ಎಂಬ ಸಂಖ್ಯೆಯನ್ನು ತೋರಿಸಿ ಜನ ಸೇರಿಸುವವರ ಬಗ್ಗೆ ಎಚ್ಚರವಿರಬೇಕು. ಇದು ಸಿಇಟಿ ಸೀಟಿನಂತೆ ರ‍್ಯಾಂಕ್ ಪ್ರಕಾರ ಹಂಚುವ ಕೋಟಾ ಅಲ್ಲ. ಯಾರ ಕೈಯಲ್ಲೂ 'ಕೊನೆಯ 200 ಸೀಟು' ಉಳಿದಿರುವುದಿಲ್ಲ. ಪ್ರತಿ ಅರ್ಜಿಯೂ ತನ್ನ ಕಾಗದಪತ್ರಗಳ ಬಲದ ಮೇಲೆಯೇ ತೀರ್ಮಾನವಾಗುತ್ತದೆ. 'ಕೋಟಾ ಮುಗಿಯುವ ಮುನ್ನ ಹೆಸರು ಬರೆಸಿ' ಎಂದು ಮುಂಗಡ ಕೇಳುವವರು ಇಲ್ಲದ ಸರಕನ್ನು ಮಾರುತ್ತಿದ್ದಾರೆ.

ಇನ್ನೊಂದು ಮಾತನ್ನೂ ಬಿಚ್ಚಿ ಹೇಳಬೇಕು. ಜರ್ಮನಿಯ ಆರ್ಥಿಕತೆ 2023 ಮತ್ತು 2024ರಲ್ಲಿ ಸತತವಾಗಿ ಕುಗ್ಗಿತು. ಫೋಕ್ಸ್‌ವ್ಯಾಗನ್ 2030ರೊಳಗೆ 35,000ಕ್ಕೂ ಹೆಚ್ಚು ಹುದ್ದೆ ಕಡಿತಗೊಳಿಸುವ ಒಪ್ಪಂದವನ್ನು 2024ರ ಡಿಸೆಂಬರ್‌ನಲ್ಲಿ ಕಾರ್ಮಿಕ ಸಂಘದ ಜೊತೆ ಮಾಡಿಕೊಂಡಿತು. ಕಾರು ಕಂಪನಿಗಳಿಗೆ ಬಿಡಿಭಾಗ ಒದಗಿಸುವವರಿಗೂ ಅದರ ಬಿಸಿ ತಟ್ಟಿದೆ. ಬೆಂಗಳೂರಿನಲ್ಲಿ ಎಂಜಿನ್ ಕ್ಯಾಲಿಬ್ರೇಷನ್ ಮಾಡಿಕೊಂಡಿರುವವರಿಗೆ ಹತ್ತು ವರ್ಷದ ಹಿಂದೆ ಇದ್ದ ಬೇಡಿಕೆ ಈಗಿಲ್ಲ. ಆಸ್ಪತ್ರೆ, ವೃದ್ಧರ ಆರೈಕೆ, ವಿದ್ಯುತ್ ಕೆಲಸ, ಕಟ್ಟಡ ನಿರ್ಮಾಣಗಳಲ್ಲಿ ಮಾತ್ರ ಜನರ ಕೊರತೆ ಹಾಗೆಯೇ ಇದೆ. ಮೇಳದಲ್ಲಿ ಯಾವ ಸ್ಟಾಲ್ ಇದೆ ಎನ್ನುವುದಕ್ಕಿಂತ ಆ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಕೆಲಸಕ್ಕೆ ಹೊಂದುವ ಹುದ್ದೆ ಈ ವಾರ ಖಾಲಿ ಇದೆಯೇ ಎಂದು ಮೊದಲು ನೋಡಿ. ಸ್ಟಾಲ್ ಹಾಕುವ ಎಲ್ಲರೂ ನೇಮಕಾತಿಗೇ ಬರುವುದಿಲ್ಲ, ಹೆಸರು ಪರಿಚಯವಾಗಲಿ ಎಂದು ಬರುವವರೂ ಇದ್ದಾರೆ.

ದುಡ್ಡು ಯಾರು ಕೊಡುತ್ತಾರೆ ಎಂದು ನೋಡಿ

ಮೇಳದ ಗುಣವನ್ನು ಅಳೆಯಲು ಒಂದು ಸುಲಭದ ದಾರಿಯಿದೆ. ಖರ್ಚು ಯಾರ ಜೇಬಿನಿಂದ ಹೋಗುತ್ತಿದೆ ಎಂದು ಕೇಳುವುದು. ಕಂಪನಿಗಳು ಸ್ಟಾಲ್ ಬಾಡಿಗೆ ಕೊಟ್ಟು, ಅಭ್ಯರ್ಥಿಗೆ ಪ್ರವೇಶ ಉಚಿತವಾಗಿದ್ದರೆ ಆ ಮೇಳ ಕಂಪನಿಗೆ ಜನ ಹುಡುಕಿಕೊಡಲು ನಡೆಯುತ್ತಿದೆ. ಅಭ್ಯರ್ಥಿಯಿಂದ 'ನೋಂದಣಿ ಶುಲ್ಕ', 'ಪ್ರೊಫೈಲ್ ಶುಲ್ಕ' ವಸೂಲಾಗುತ್ತಿದ್ದರೆ ಅಲ್ಲಿ ಸರಕು ನೀವೇ.

ಜರ್ಮನಿಯೊಳಗೆ ನಡೆಯುವ ಮೇಳಗಳ ಸ್ವರೂಪ ಬೇರೆ. ಬೊಂಡಿಂಗ್ ಎಂಬ ವಿದ್ಯಾರ್ಥಿ ಸಂಘಟನೆ ಹಲವು ವಿಶ್ವವಿದ್ಯಾಲಯ ನಗರಗಳಲ್ಲಿ ನಡೆಸುವ ಮೇಳ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಐಕೋಮ್, ಬರ್ಲಿನ್‌ನ ಕನೆಕ್ಟಿಕುಮ್, ಇವೆಲ್ಲ ಅಲ್ಲಿ ಓದುತ್ತಿರುವವರಿಗೆ ಹೇಳಿ ಮಾಡಿಸಿದಂತಿವೆ. ಜರ್ಮನಿಯಲ್ಲಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಭಾರತೀಯರೇ ಮೊದಲ ಸ್ಥಾನದಲ್ಲಿದ್ದಾರೆ. 2023–24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಅವರ ಸಂಖ್ಯೆ 49,000 ದಾಟಿತ್ತು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಇರುವುದರಿಂದ ಇವರೊಂದಿಗೆ ಕಂಪನಿ ನಿರಾತಂಕವಾಗಿ ಮಾತಾಡುತ್ತದೆ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಕೂತು ಅರ್ಜಿ ಹಾಕುವವರು ಅದೇ ಸಲಿಗೆಯನ್ನು ನಿರೀಕ್ಷಿಸಬಾರದು.

ಯೂರೋಪಿನ ಉದ್ಯೋಗ ಕಚೇರಿಗಳು ಸೇರಿ ಕಟ್ಟಿದ ಯೂರೆಸ್ ಜಾಲ ನಡೆಸುವ ಯೂರೋಪಿಯನ್ ಜಾಬ್ ಡೇಗಳಲ್ಲೂ ಇದೇ ತೊಡಕು. ಆ ಜಾಲ ಹುಟ್ಟಿದ್ದೇ ಯೂರೋಪಿನೊಳಗಿನ ಸಂಚಾರಕ್ಕಾಗಿ. ಅಲ್ಲಿಗೆ ಬರುವ ಎಷ್ಟೋ ಕಂಪನಿಗಳು ವೀಸಾ ಬೇಕಿಲ್ಲದ ಅಭ್ಯರ್ಥಿಗಳನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತವೆ. ಹೆಸರು ನೋಂದಾಯಿಸುವ ಮೊದಲು ಹುದ್ದೆಯ ವಿವರದಲ್ಲಿ ಯೂರೋಪಿನ ಹೊರಗಿನವರನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಓದಿಕೊಂಡರೆ ಒಂದು ದಿನ ಉಳಿಯುತ್ತದೆ.

ಇನ್ನು ನಮ್ಮೂರಿನ ಹೋಟೆಲ್ ಹಾಲ್‌ಗಳಲ್ಲಿ ನಡೆಯುವ ಮೇಳಗಳು. ಇಲ್ಲಿ 1983ರ ವಲಸೆ ಕಾಯ್ದೆ ಅನ್ವಯವಾಗುತ್ತದೆ. ವಿದೇಶಿ ಕೆಲಸಕ್ಕೆ ಜನರನ್ನು ನೇಮಿಸಿಕೊಡುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಲೇಬೇಕು. ನೋಂದಣಿ ಸಂಖ್ಯೆಯನ್ನು ಕಚೇರಿಯಲ್ಲೂ ಜಾಹೀರಾತಿನಲ್ಲೂ, ಸಾಮಾಜಿಕ ಜಾಲತಾಣದ ಪೋಸ್ಟಿನಲ್ಲೂ ಎದ್ದು ಕಾಣುವಂತೆ ಹಾಕಬೇಕು. ಆ ಸಂಖ್ಯೆ ನಿಜವೇ, ಚಾಲ್ತಿಯಲ್ಲಿದೆಯೇ ಎಂಬುದನ್ನು ಸಚಿವಾಲಯದ ಇ–ಮೈಗ್ರೇಟ್ ಪೋರ್ಟಲ್‌ನಲ್ಲಿ ಎರಡು ನಿಮಿಷದಲ್ಲಿ ನೋಡಬಹುದು. ಅಭ್ಯರ್ಥಿಯಿಂದ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ. ಶೇ 18 ಜಿಎಸ್‌ಟಿ ಸೇರಿದರೆ 35,400 ಆಗುತ್ತದೆ, ಅದಕ್ಕೂ ರಸೀದಿ ಕೊಡಬೇಕು. 'ಪ್ಯಾಕೇಜ್ ಮೂರು ಲಕ್ಷ, ಅರ್ಧ ಈಗ, ಅರ್ಧ ವೀಸಾ ಬಂದ ಮೇಲೆ' ಎನ್ನುವುದು ಈ ಲೆಕ್ಕಕ್ಕೆ ಎಲ್ಲಿಯೂ ಹೊಂದುವುದಿಲ್ಲ.

ಹೆಚ್ಚಿನವರು ಎಡವುವುದು ಇಲ್ಲಿ. ವೀಸಾ ಕನ್ಸಲ್ಟೆಂಟ್ ಬೇರೆ, ನೇಮಕಾತಿ ಏಜೆಂಟ್ ಬೇರೆ. ಅರ್ಜಿ ತುಂಬಿಕೊಡಲು, ವಿದೇಶಿ ಓದಿಗೆ ಸಲಹೆ ಕೊಡಲು ಅಂಗಡಿ ತೆರೆದವರಿಗೆ ವಿದೇಶಿ ಕಂಪನಿಯ ಪರವಾಗಿ ಸಂದರ್ಶನ ನಡೆಸುವ, ಆಫರ್ ಲೆಟರ್ ಹಂಚುವ ಅಧಿಕಾರ ತಾನಾಗಿ ಬರುವುದಿಲ್ಲ. ಮೇಳದ ಬ್ಯಾನರ್‌ನಲ್ಲಿ ಜರ್ಮನ್ ಧ್ವಜ ಇದ್ದ ಮಾತ್ರಕ್ಕೆ ದೂತಾವಾಸ ಅದರ ಹಿಂದಿದೆ ಎಂದಲ್ಲ. 'ಒರಿಜಿನಲ್ ಮಾರ್ಕ್ಸ್ ಕಾರ್ಡ್, ಪಾಸ್‌ಪೋರ್ಟ್ ನಮ್ಮಲ್ಲಿರಲಿ' ಎಂದು ಕೇಳಿದರೆ ಅಲ್ಲಿಂದ ಎದ್ದು ಬರಬೇಕು. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಅದನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಏಜೆಂಟನಿಗಿಲ್ಲ.

ಅನಬಿನ್, ಇನಿಶಿಯಲ್ ಮತ್ತು ರಿಲೀವಿಂಗ್ ಲೆಟರ್

ಈಗ ಫೈಲಿನ ವಿಷಯ. ಅನಬಿನ್ ಎಂಬುದು ಜರ್ಮನಿಯ ಅಧಿಕೃತ ದತ್ತಾಂಶ ತಾಣ. ಬೇರೆ ದೇಶಗಳ ವಿಶ್ವವಿದ್ಯಾಲಯ ಮತ್ತು ಪದವಿಗಳ ಬೆಲೆಯನ್ನು ಜರ್ಮನ್ ಪದವಿಗೆ ತೂಗಿ ನೋಡುವ ಜಾಗ. ಅಲ್ಲಿ ಎರಡು ಸಲ ಹುಡುಕಬೇಕು. ಮೊದಲು ಸಂಸ್ಥೆ: ಅದರ ಮುಂದೆ 'ಎಚ್ ಪ್ಲಸ್', ಅಂದರೆ ಮಾನ್ಯತೆ ಇರುವ ಸಂಸ್ಥೆ, ಎಂದಿರಬೇಕು. ಆಮೇಲೆ ಪದವಿ: ಅದು 'ಸಮಾನ' ಅಥವಾ 'ತತ್ಸಮ' ಎಂಬ ಅರ್ಥದ ಜರ್ಮನ್ ಪದದೊಂದಿಗೆ ಪಟ್ಟಿಯಾಗಿರಬೇಕು. ಎರಡರಲ್ಲಿ ಒಂದೇ ಸಿಕ್ಕರೆ ಸಾಲದು. ನಮ್ಮವರು ಮಾಡುವ ಸಾಮಾನ್ಯ ತಪ್ಪೆಂದರೆ ಓದಿದ ಕಾಲೇಜಿನ ಹೆಸರು ಹಾಕಿ ಹುಡುಕುವುದು. ಸಂಯೋಜಿತ ಕಾಲೇಜಿನಲ್ಲಿ ಓದಿದವರಿಗೆ ಪದವಿ ಕೊಟ್ಟಿರುವುದು ವಿಶ್ವವಿದ್ಯಾಲಯ. ಹಾಗಾಗಿ ದಾವಣಗೆರೆಯಲ್ಲಿ ಓದಿದ್ದರೂ ಸರ್ಟಿಫಿಕೇಟ್ ಮೇಲಿರುವುದು ಬೆಳಗಾವಿಯ ವಿಟಿಯು ಹೆಸರಾದರೆ ಅದನ್ನೇ ಹುಡುಕಬೇಕು. ಸಿಕ್ಕ ಎರಡೂ ಪುಟಗಳನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ವೀಸಾ ಅರ್ಜಿಗೂ ಅದೇ ಬೇಕು. ಸಿಗದಿದ್ದರೆ ಜರ್ಮನಿಯ ವಿದೇಶಿ ಶಿಕ್ಷಣ ಮೌಲ್ಯಮಾಪನ ಕೇಂದ್ರದಿಂದ ಹೋಲಿಕೆ ಪ್ರಮಾಣಪತ್ರ ಪಡೆಯಬೇಕಾಗುತ್ತದೆ. ಶುಲ್ಕ ಸುಮಾರು 200 ಯೂರೋ, ಸಮಯ ವಾರಗಳಲ್ಲ, ತಿಂಗಳುಗಳ ಲೆಕ್ಕ. ಮೇಳ ಮುಗಿದ ಮೇಲೆ ಇದಕ್ಕೆ ಅರ್ಜಿ ಹಾಕಿದರೆ ಕಂಪನಿ ಅಷ್ಟು ಕಾಯುವುದಿಲ್ಲ.

ಹೆಸರಿನ ತೊಡಕು ಕರ್ನಾಟಕದವರನ್ನು ವಿಶೇಷವಾಗಿ ಕಾಡುತ್ತದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ 'ಮಂಜುನಾಥ ಬಿ. ಎಸ್.', ಪದವಿ ಪ್ರಮಾಣಪತ್ರದಲ್ಲಿ 'ಬಿ. ಎಸ್. ಮಂಜುನಾಥ', ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ಬಿಡಿಸಿ 'ಮಂಜುನಾಥ ಬೇಲೂರು ಶಿವಣ್ಣ'. ನಮಗೆ ಇವು ಮೂರೂ ಒಬ್ಬನೇ ಎಂದು ಕಣ್ಣಿಗೆ ಕಂಡೊಡನೆ ತಿಳಿಯುತ್ತದೆ. ಕುಟುಂಬದ ಹೆಸರು, ಕೊಟ್ಟ ಹೆಸರು ಎಂದು ಎರಡು ಖಾನೆ ಇಟ್ಟುಕೊಂಡು ನೋಡುವ ಜರ್ಮನ್ ಗುಮಾಸ್ತರಿಗೆ ಅವು ಮೂವರ ಹೆಸರು. ಊರಿನ ಹೆಸರು ಮನೆತನದ ಹೆಸರಾಗಿ ಕೂರುತ್ತದೆ, ಅಪ್ಪನ ಹೆಸರು ಮಗನದಾಗುತ್ತದೆ. ರೆಸ್ಯೂಮೆ, ಇಮೇಲ್, ಮೇಳದ ನೋಂದಣಿ ಎಲ್ಲ ಕಡೆಯೂ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಯಿರಿ. ಉಳಿದ ದಾಖಲೆಗಳಿಗೆ 'ಈ ಹೆಸರುಗಳೆಲ್ಲ ಒಬ್ಬರದೇ' ಎಂಬ ನೋಟರಿ ಅಫಿಡವಿಟ್ ಮೊದಲೇ ಮಾಡಿಸಿಡಿ. ಪಾಸ್‌ಪೋರ್ಟ್ ನವೀಕರಣ ಹತ್ತಿರ ಬಂದಿದ್ದರೆ ಹೆಸರಿನ ಖಾನೆಗಳನ್ನು ಸರಿಮಾಡಿಕೊಳ್ಳಲು ಅದೇ ಸರಿಯಾದ ಸಮಯ.

ಮೂರನೆಯದು ಅನುಭವದ ಪತ್ರ. ನಮ್ಮ ಐಟಿ ಕಂಪನಿಗಳ ರಿಲೀವಿಂಗ್ ಲೆಟರ್‌ನಲ್ಲಿ ಸಾಮಾನ್ಯವಾಗಿ ಇರುವುದು ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು, ಕೊನೆಗೊಂದು ಶುಭಾಶಯ. ಜರ್ಮನಿಯಲ್ಲಿ ಕೆಲಸ ಬಿಡುವವರಿಗೆ ಕೊಡುವ ಪತ್ರದಲ್ಲಿ ಅವರು ಏನೇನು ಕೆಲಸ ಮಾಡಿದರು ಎಂಬ ವಿವರ ಒಂದೆರಡು ಪುಟ ಇರುತ್ತದೆ, ಅಲ್ಲಿನವರ ಕಣ್ಣು ಅದಕ್ಕೆ ಒಗ್ಗಿದೆ. 'ಸೀನಿಯರ್ ಸಿಸ್ಟಮ್ ಎಂಜಿನಿಯರ್' ಎಂಬ ಪದವಿನಾಮದಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಈಗಿನ ಮ್ಯಾನೇಜರ್ ಅಥವಾ ಹಿಂದಿನ ಟೀಮ್ ಲೀಡ್ ಅವರಿಂದ ಕಂಪನಿಯ ಲೆಟರ್‌ಹೆಡ್‌ನಲ್ಲಿ ಕೆಲಸದ ವಿವರ ಬರೆಸಿಕೊಳ್ಳಿ: ಯಾವ ಉಪಕರಣ, ಯಾವ ಪ್ರಾಜೆಕ್ಟ್, ಯಾವ ಹೊಣೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ. ಪದವಿ ಇಲ್ಲದೆ ಐಟಿ ಅನುಭವದ ಮೇಲೆಯೇ ಬ್ಲೂ ಕಾರ್ಡ್ (ನುರಿತ ವಿದೇಶಿ ಕೆಲಸಗಾರರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ) ಬಯಸುವವರಿಗೆ ಇದು ಜೀವಾಳ. ಕಳೆದ ಏಳು ವರ್ಷಗಳಲ್ಲಿ ಮೂರು ವರ್ಷ ಪದವೀಧರ ಮಟ್ಟದ ಕೆಲಸ ಮಾಡಿದ್ದಾರೆ ಎಂದು ತೋರಿಸಲು ಅವರಿಗೆ ಈ ಪತ್ರಗಳೇ ಆಧಾರ.

ಪಾಲಿಟೆಕ್ನಿಕ್ ಡಿಪ್ಲೊಮಾದವರಿಗೂ 2024ರ ಮಾರ್ಚ್‌ನಿಂದ ಒಂದು ಬಾಗಿಲು ತೆರೆದಿದೆ, ನಮ್ಮ ಮೇಳಗಳಲ್ಲಿ ಇದರ ಮಾತು ಅಷ್ಟಾಗಿ ಬರುವುದಿಲ್ಲ. ಕನಿಷ್ಠ ಎರಡು ವರ್ಷದ, ಸ್ವದೇಶದಲ್ಲಿ ಸರ್ಕಾರಿ ಮಾನ್ಯತೆ ಇರುವ ತರಬೇತಿ, ಕಳೆದ ಐದು ವರ್ಷಗಳಲ್ಲಿ ಕನಿಷ್ಠ ಎರಡು ವರ್ಷದ ಅನುಭವ ಮತ್ತು ನಿಗದಿತ ಸಂಬಳದ ಆಫರ್ ಇದ್ದರೆ, ನಿಯಂತ್ರಣಕ್ಕೊಳಪಡದ, ಅಂದರೆ ಸರ್ಕಾರಿ ಪರವಾನಗಿ ಇಲ್ಲದೆಯೂ ಮಾಡಬಹುದಾದ, ವೃತ್ತಿಗಳಿಗೆ ಜರ್ಮನಿಯ ಪೂರ್ಣ ಮಾನ್ಯತೆ ಇಲ್ಲದೆಯೂ ಹೋಗಬಹುದು. 2026ರಲ್ಲಿ ಆ ಸಂಬಳದ ಮಿತಿ ವರ್ಷಕ್ಕೆ 45,630 ಯೂರೋ.

ರೆಸ್ಯೂಮೆ ಎರಡು ಪುಟ ದಾಟಬಾರದು. ಅಪ್ಪನ ಹೆಸರು, ಧರ್ಮ, ಮದುವೆಯ ವಿವರ, ಕೊನೆಯ 'ಮೇಲ್ಕಂಡ ಮಾಹಿತಿ ಸತ್ಯವೆಂದು ಘೋಷಿಸುತ್ತೇನೆ' ಎಲ್ಲ ತೆಗೆದುಹಾಕಿ. ಪ್ರತಿ ಕೆಲಸಕ್ಕೂ ತಿಂಗಳು–ವರ್ಷ ಹಾಕಿ. ನಡುವೆ ಎಂಟು ತಿಂಗಳು ಮನೆಯಲ್ಲಿದ್ದರೆ ಅದನ್ನೂ ಬರೆಯಿರಿ, ಬಿಟ್ಟ ಜಾಗವೇ ಅವರ ಕಣ್ಣಿಗೆ ಮೊದಲು ಬೀಳುವುದು.

ಕಡಿಮೆ ಕೇಳಿದರೆ ಕೆಲಸ ಸಿಗುತ್ತದೆಯೇ?

ಸ್ಟಾಲ್‌ನಲ್ಲಿ ಸಂಬಳದ ನಿರೀಕ್ಷೆ ಕೇಳಿದಾಗ ನಮ್ಮವರು ಎರಡು ಬಗೆಯಲ್ಲಿ ತಪ್ಪುತ್ತಾರೆ. ಕೆಲವರು ಇಲ್ಲಿನ ಸಿಟಿಸಿಯನ್ನು (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಯೂರೋಗೆ ಬದಲಿಸಿ ಅದರ ಮೇಲೆ ಶೇ 30 ಸೇರಿಸಿ ಹೇಳುತ್ತಾರೆ. ಇನ್ನು ಕೆಲವರು ಕೆಲಸ ಸಿಕ್ಕರೆ ಸಾಕೆಂದು ಇಳಿಸಿ ಹೇಳುತ್ತಾರೆ. ಎರಡನೆಯದು ಇನ್ನೂ ಅಪಾಯ. 2026ರಲ್ಲಿ ಬ್ಲೂ ಕಾರ್ಡ್‌ಗೆ ಬೇಕಾದ ವಾರ್ಷಿಕ ಒಟ್ಟು ಸಂಬಳ 50,700 ಯೂರೋ. ಎಂಜಿನಿಯರಿಂಗ್, ಐಟಿ, ವೈದ್ಯಕೀಯದಂಥ ಕೊರತೆಯ ವೃತ್ತಿಗಳಿಗೆ ಮತ್ತು ಪದವಿ ಮುಗಿದು ಮೂರು ವರ್ಷ ದಾಟದವರಿಗೆ 45,934 ಯೂರೋ 20 ಸೆಂಟ್. ನೀವು 42,000 ಎಂದರೆ ಎಚ್‌ಆರ್‌ಗೆ ಖುಷಿಯಾಗುವುದಿಲ್ಲ. ಈ ಮನುಷ್ಯನಿಗೆ ಕಾನೂನಿನ ಗಂಧವಿಲ್ಲ ಎಂದು ಗೊತ್ತಾಗುತ್ತದೆ, ಅಷ್ಟೇ. ಈ ಮಿತಿಗಳು ಪ್ರತಿ ಜನವರಿಯಲ್ಲಿ ಬದಲಾಗುತ್ತವೆ. 2025ರಲ್ಲಿ ಅವು 48,300 ಮತ್ತು 43,759.80 ಇದ್ದವು. ಡಿಸೆಂಬರ್‌ನಲ್ಲಿ ಮಾತಾಡಿ ಫೆಬ್ರವರಿಯಲ್ಲಿ ಅರ್ಜಿ ಹಾಕುವವರು ಹೊಸ ವರ್ಷದ ಅಂಕಿಯನ್ನೇ ಇಟ್ಟುಕೊಂಡು ಮಾತಾಡಬೇಕು. 45 ವರ್ಷ ದಾಟಿ ಮೊದಲ ಸಲ ಸಾಮಾನ್ಯ ಕೆಲಸದ ವೀಸಾದಲ್ಲಿ ಹೋಗುವವರಿಗೆ ಮಿತಿ ಇನ್ನೂ ಹೆಚ್ಚು, 2026ರಲ್ಲಿ 55,770 ಯೂರೋ. ಅಷ್ಟಿಲ್ಲದಿದ್ದರೆ ಸಾಕಷ್ಟು ಪಿಂಚಣಿ ವ್ಯವಸ್ಥೆ ಇದೆಯೆಂದು ತೋರಿಸಬೇಕು.

ಅಲ್ಲಿ ಹೇಳುವ ಸಂಬಳ ವಾರ್ಷಿಕ ಒಟ್ಟು ಮೊತ್ತ. ನಮ್ಮ ಸಿಟಿಸಿಯಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಸೇರಿರುವಂತೆ ಅಲ್ಲಿ ಕಂಪನಿಯ ಪಾಲು ಒಳಗೆ ಸೇರಿರುವುದಿಲ್ಲ. ಆದರೆ ನಿಮ್ಮ ಪಾಲಿನ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಕಡಿತವಾಗುತ್ತವೆ. ಒಂಟಿಯಾಗಿರುವವರಿಗೆ 50,000 ಯೂರೋ ಸಂಬಳದಲ್ಲಿ ತಿಂಗಳಿಗೆ ಸುಮಾರು 2,600ರಿಂದ 2,700 ಯೂರೋ ಕೈಗೆ ಬರುತ್ತದೆ. ಮ್ಯೂನಿಕ್‌ನಲ್ಲಿ ಬಾಡಿಗೆಯೇ ಅದರಲ್ಲಿ ದೊಡ್ಡ ಪಾಲು ನುಂಗುತ್ತದೆ, ಟುಟ್ಲಿಂಗನ್‌ನಂಥ ಸಣ್ಣ ಊರಿನಲ್ಲಿ ಹಾಗಾಗುವುದಿಲ್ಲ. ಟುಟ್ಲಿಂಗನ್ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಅದು ಜಗತ್ತಿನಲ್ಲೇ ದೊಡ್ಡ ಹೆಸರು. ಮೇಳದಲ್ಲಿ ಬಿಎಂಡಬ್ಲ್ಯು ಸ್ಟಾಲ್ ಮುಂದೆ ನೂರು ಜನ ನಿಲ್ಲುವಾಗ ಇಂಥ ಊರುಗಳಿಂದ ಬಂದ ಮಧ್ಯಮ ಗಾತ್ರದ ಕಂಪನಿಗಳ ಮುಂದೆ ನಾಲ್ವರು. ಹೊರದೇಶದಲ್ಲಿ ಹೆಸರಿಲ್ಲದ ಕಾರಣಕ್ಕೇ ಅವರು ಮೇಳಕ್ಕೆ ಬಂದಿರುತ್ತಾರೆ, ಅವರ ಅಗತ್ಯ ನಿಜವಾದದ್ದು. ಅಲ್ಲಿ ಐದರ ಬದಲು ಹದಿನೈದು ನಿಮಿಷ ಮಾತಾಡಬಹುದು. ಆದರೆ ಅಂಥ ಊರಿನ ಕಾರ್ಖಾನೆಯಲ್ಲಿ ಇಂಗ್ಲಿಷ್ ನಡೆಯುವುದು ಕಡಿಮೆ, ಜರ್ಮನ್ ಬೇಕೇ ಬೇಕು.

ಬೆಂಗಳೂರಿನವರಿಗೆ ಇನ್ನೊಂದು ದಾರಿ ಮನೆ ಬಾಗಿಲಲ್ಲೇ ಇದೆ. ಬಾಷ್, ಸೀಮೆನ್ಸ್, ಎಸ್‌ಎಪಿ, ಮರ್ಸಿಡಿಸ್ ಬೆಂಜ್ ಇವುಗಳ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳು ಈ ಊರಿನಲ್ಲಿವೆ. ಇಂಥ ಕಡೆ ಕೆಲಸ ಮಾಡುವವರಿಗೆ ಕಂಪನಿಯೊಳಗಿನ ವರ್ಗಾವಣೆಯ ಪರವಾನಗಿ ಬೇರೆಯೇ ಇದೆ. ಪರಿಣತರಿಗೆ ಗರಿಷ್ಠ ಮೂರು ವರ್ಷ. ಒಳಗಿನ ಖಾಲಿ ಹುದ್ದೆಗಳ ಪಟ್ಟಿಯನ್ನು ತಿಂಗಳಿಗೊಮ್ಮೆಯೂ ನೋಡದೆ ಮೇಳಗಳಿಗೆ ಅಲೆಯುವುದು ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದಂತೆ.

ನರ್ಸ್‌ಗಳ ಮೇಳ: ಸ್ಪಾಟ್ ಆಫರ್ ಆದ ಮೇಲೆ ಏನಾಗುತ್ತದೆ

ಮಂಗಳೂರು, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳ ಸುತ್ತ ನಡೆಯುವ ಮೇಳಗಳಲ್ಲಿ ಅಂದೇ ಆಫರ್ ಲೆಟರ್ ಕೊಡುವುದುಂಟು. ಅದನ್ನು ಹಿಡಿದು ಫೋಟೊ ತೆಗೆಸಿಕೊಂಡು ಮನೆಗೆ ಹೋಗುವ ಹುಡುಗಿಗೆ ಮುಂದಿನ ಒಂದೂವರೆ ಎರಡು ವರ್ಷದ ದಾರಿಯನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಜಿಎನ್‌ಎಂ ಡಿಪ್ಲೊಮಾ ಆಗಲಿ ಬಿಎಸ್ಸಿ ಪದವಿ ಆಗಲಿ, ನರ್ಸಿಂಗ್ ಅಲ್ಲಿ ನಿಯಂತ್ರಿತ ವೃತ್ತಿ; ಮಾನ್ಯತೆ ಕೊಡುವುದು ಕೇಂದ್ರವಲ್ಲ, ಆಯಾ ರಾಜ್ಯದ ಕಚೇರಿ. ಮೊದಲು ಭಾಷೆ. ಭಾಷೆಯನ್ನು ಎ1ರಿಂದ ಸಿ2ವರೆಗೆ ಆರು ಹಂತಗಳಲ್ಲಿ ಅಳೆಯುತ್ತಾರೆ; ಬಿ1, ಬಿ2 ನಡುವಿನ ಹಂತಗಳು. ಜರ್ಮನ್ ಕಲಿಸುವ ಗೋಯಥೆ ಸಂಸ್ಥೆಯ ಲೆಕ್ಕದಲ್ಲಿ ಸೊನ್ನೆಯಿಂದ ಬಿ1 ಮುಟ್ಟಲು 45 ನಿಮಿಷದ 350ರಿಂದ 650 ತರಗತಿ ಬೇಕು, ಬಿ2ಗೆ 600ರಿಂದ 800. ಪಾಳಿಯ ಕೆಲಸ ಮಾಡುತ್ತ ಕಲಿಯುವವರಿಗೆ ಇದು ಒಂದು ವರ್ಷಕ್ಕಿಂತ ಹೆಚ್ಚು. 'ಆರು ತಿಂಗಳಲ್ಲಿ ಬಿ2' ಎನ್ನುವವರನ್ನು ನಂಬಿ ಇರುವ ಕೆಲಸ ಬಿಡಬಾರದು.

ಆಮೇಲೆ ಕಾಲೇಜಿನಿಂದ ವಿಷಯವಾರು ಥಿಯರಿ ಗಂಟೆ, ಕ್ಲಿನಿಕಲ್ ಗಂಟೆಗಳ ವಿವರ, ನರ್ಸಿಂಗ್ ಕೌನ್ಸಿಲ್ ನೋಂದಣಿ, ಅನುಭವ ಪತ್ರ ಎಲ್ಲವೂ ಜರ್ಮನ್‌ಗೆ ಅಧಿಕೃತವಾಗಿ ಅನುವಾದವಾಗಿ ಹೋಗಬೇಕು. ಬಹುಪಾಲು ಅರ್ಜಿಗಳಿಗೆ ಬರುವ ಉತ್ತರ ಪೂರ್ಣ ಮಾನ್ಯತೆಯಲ್ಲ, 'ಇಂತಿಂಥ ವಿಷಯದಲ್ಲಿ ಕೊರತೆ ಇದೆ' ಎಂಬ ಆದೇಶ. ಇದನ್ನು ನೋಡಿ ತಿರಸ್ಕಾರವಾಯಿತೆಂದು ಅಳುವವರಿದ್ದಾರೆ, ಹೆದರಬೇಕಿಲ್ಲ. ಆ ಆದೇಶದ ಮೇಲೆಯೇ ವೀಸಾ ಸಿಗುತ್ತದೆ. ಅಲ್ಲಿಗೆ ಹೋಗಿ ಹೊಂದಾಣಿಕೆ ತರಬೇತಿ ಮುಗಿಸಿ ಅಥವಾ ಜ್ಞಾನ ಪರೀಕ್ಷೆ ಪಾಸಾಗಿ ಕೊರತೆ ತುಂಬಬೇಕು. ಅಲ್ಲಿಯವರೆಗೆ ಹುದ್ದೆ ಸಹಾಯಕಿಯದು, ಸಂಬಳವೂ ಅದಕ್ಕೆ ತಕ್ಕಂತೆ ಕಡಿಮೆ. ಮೇಳದಲ್ಲಿ ಹೇಳುವ ಸಂಬಳ ಯಾವ ಹಂತದ್ದು, ಸಹಾಯಕಿಯಾಗಿರುವಾಗ ಎಷ್ಟು, ಮಾನ್ಯತೆ ಬಂದ ಮೇಲೆ ಎಷ್ಟು ಎಂದು ಎರಡು ಅಂಕಿಗಳನ್ನು ಬರಹದಲ್ಲೇ ಕೇಳಿ ಪಡೆಯಬೇಕು.

ಕರಾರಿನಲ್ಲಿ ಹುಡುಕಬೇಕಾದ ಇನ್ನೊಂದು ಸಾಲು ಹಣ ಹಿಂತಿರುಗಿಸುವ ಷರತ್ತು. ಭಾಷಾ ತರಬೇತಿ, ವಿಮಾನ ಟಿಕೆಟ್ ಕೊಟ್ಟಿದ್ದೇವೆ, ಎರಡು ಮೂರು ವರ್ಷದೊಳಗೆ ಬಿಟ್ಟರೆ ಇಷ್ಟು ಸಾವಿರ ಯೂರೋ ಕಟ್ಟಬೇಕು ಎಂದಿರುತ್ತದೆ. ಮೊತ್ತ ಎಷ್ಟು, ತಿಂಗಳು ಕಳೆದಂತೆ ಅದು ಇಳಿಯುತ್ತದೆಯೇ, ಪರೀಕ್ಷೆಯಲ್ಲಿ ಫೇಲಾದರೆ ಯಾರ ಹೊಣೆ? ಇವಕ್ಕೆ ಮೇಳದಲ್ಲೇ ಉತ್ತರ ಕೊಡದ ಸಂಸ್ಥೆ ಆಮೇಲೆ ಕೊಡುವುದಿಲ್ಲ. ಒಳ್ಳೆಯ ಮಾದರಿಗಳೂ ಇವೆ. ಜರ್ಮನಿಯ ಫೆಡರಲ್ ಉದ್ಯೋಗ ಸಂಸ್ಥೆ ಮತ್ತು ಅಲ್ಲಿನ ಅಭಿವೃದ್ಧಿ ಸಹಕಾರ ಸಂಸ್ಥೆಯಾದ ಜಿಐಝೆಡ್ ಸೇರಿ ನಡೆಸುವ ಟ್ರಿಪಲ್ ವಿನ್ ಯೋಜನೆಯಲ್ಲಿ ನರ್ಸ್‌ಗಳಿಂದ ನೇಮಕಾತಿಗೆ ಹಣ ಪಡೆಯುವುದಿಲ್ಲ. ಅನಿವಾಸಿಗಳಿಗಾಗಿ ಇರುವ ಕೇರಳ ಸರ್ಕಾರದ ಸಂಸ್ಥೆ ನೋರ್ಕಾ ರೂಟ್ಸ್ 2021ರ ಡಿಸೆಂಬರ್‌ನಲ್ಲೇ ಅದಕ್ಕೆ ಸೇರಿತು. ನಮ್ಮಲ್ಲಿ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ, ಖಾಸಗಿ ಏಜೆಂಟರ ಬಾಗಿಲು ತಟ್ಟುವ ಮೊದಲು ಅಲ್ಲಿ ವಿಚಾರಿಸಬೇಕು. ಮೇಳಗಳು ಎಷ್ಟು ಜನ ಬಂದರು, ಎಷ್ಟು ಆಫರ್ ಹಂಚಿದೆವು ಎಂದು ಹೇಳಿಕೊಳ್ಳುತ್ತವೆ. ಎರಡು ವರ್ಷದ ನಂತರ ಎಷ್ಟು ಜನ ಪೂರ್ಣ ಮಾನ್ಯತೆ ಪಡೆದು ನರ್ಸ್ ಸಂಬಳ ಎಣಿಸುತ್ತಿದ್ದಾರೆ ಎಂಬ ಲೆಕ್ಕವನ್ನು, ಮುಖ್ಯವಾಗಿ ಸರ್ಕಾರಿ ಮೇಳಗಳು, ಜನರ ಮುಂದಿಡಬೇಕು.

ಅವಕಾಶ ಕಾರ್ಡ್ ಹಿಡಿದು ಅಲ್ಲಿನ ಮೇಳಕ್ಕೆ

2024ರ ಜೂನ್ 1ರಿಂದ ಜಾರಿಯಲ್ಲಿರುವ ಶಾನ್ಸೆನ್‌ಕಾರ್ಟೆ, ಅಂದರೆ ಅವಕಾಶ ಕಾರ್ಡ್, ಕೆಲಸ ಹುಡುಕಲು ಒಂದು ವರ್ಷ ಜರ್ಮನಿಯಲ್ಲಿರಲು ಬಿಡುತ್ತದೆ. ಎರಡು ವರ್ಷದ ತರಬೇತಿ ಅಥವಾ ಪದವಿ, ಜರ್ಮನ್ ಎ1 ಇಲ್ಲವೇ ಇಂಗ್ಲಿಷ್ ಬಿ2 ಇದ್ದವರು ಆರು ಅಂಕ ಗಳಿಸಬೇಕು. 35 ದಾಟದವರಿಗೆ 2 ಅಂಕ, ಐದು ವರ್ಷದೊಳಗಿನ ಎರಡು ವರ್ಷದ ಅನುಭವಕ್ಕೆ 2, ಏಳು ವರ್ಷದೊಳಗಿನ ಐದು ವರ್ಷದ ಅನುಭವಕ್ಕೆ 3, ಜರ್ಮನ್ ಬಿ1ಗೆ 2, ಕೊರತೆಯ ವೃತ್ತಿಗೆ 1, ಹೀಗೆ. ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಕಂಪನಿಯೊಂದರಲ್ಲಿ ಎರಡು ವಾರ ಪ್ರಾಯೋಗಿಕವಾಗಿಯೂ ದುಡಿಯಬಹುದು. ಮೇಳಗಳ ದೃಷ್ಟಿಯಿಂದ ಇದರ ಬೆಲೆ ದೊಡ್ಡದು: ಮುಖಾಮುಖಿ ಮಾತಾಡಿ, ಮರುವಾರವೇ 'ಬಂದು ಕೆಲಸ ತೋರಿಸು' ಎಂಬ ಕರೆಗೆ ಹೋಗಬಹುದು.

ಖರ್ಚಿನ ಲೆಕ್ಕ ಮಾತ್ರ ಸಣ್ಣದಲ್ಲ. 2025ರ ಪ್ರಕಾರ ತಿಂಗಳಿಗೆ 1,091 ಯೂರೋದಂತೆ ಒಂದು ವರ್ಷದ 13,092 ಯೂರೋ ತೋರಿಸಬೇಕು. ಯೂರೋಗೆ 100 ರೂಪಾಯಿ ಎಂದು ಹಿಡಿದರೆ 13 ಲಕ್ಷ ದಾಟುತ್ತದೆ. ಏಜೆಂಟರು ಇದನ್ನು 'ಒಂದು ವರ್ಷದ ವರ್ಕ್ ವೀಸಾ' ಎಂದು ಮಾರುತ್ತಾರೆ, ಅದು ಸುಳ್ಳು. ನಮ್ಮ ಅಭಿಪ್ರಾಯದಲ್ಲಿ ಬಿ1 ಜರ್ಮನ್ ಇಲ್ಲದೆ, ಜಮೀನು ಅಡವಿಟ್ಟು ತಂದ ಹಣದಲ್ಲಿ ಈ ಕಾರ್ಡ್ ಹಿಡಿದು ಹೊರಡುವುದು ತೀರಾ ಅಪಾಯದ ನಡೆ.

ಮೇಳದ ದಿನ

ಆನ್‌ಲೈನ್ ಮೇಳಗಳಲ್ಲಿ ಗಡಿಯಾರವೇ ಅನೇಕರನ್ನು ಕೆಡಿಸುತ್ತದೆ. ಚಳಿಗಾಲದಲ್ಲಿ ಜರ್ಮನಿಗಿಂತ ನಾವು ನಾಲ್ಕೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಮೂರೂವರೆ. ಅಲ್ಲಿನ ಗಡಿಯಾರ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಬದಲಾಗುತ್ತದೆ. ಅಲ್ಲಿನ ಬೆಳಿಗ್ಗೆ 10ರ ಸಂದರ್ಶನ ಅಕ್ಟೋಬರ್ ಆರಂಭದಲ್ಲಿ ನಮಗೆ ಮಧ್ಯಾಹ್ನ ಒಂದೂವರೆ, ನವೆಂಬರ್‌ನಲ್ಲಿ ಎರಡೂವರೆ. ಹತ್ತು ನಿಮಿಷದ ಸ್ಲಾಟ್‌ಗೆ ಒಂದು ಗಂಟೆ ತಡವಾಗಿ ಬಂದವರಿಗೆ ಮತ್ತೊಂದು ಸ್ಲಾಟ್ ಸಿಗುವುದು ಕಷ್ಟ. ಒಳ್ಳೆಯ ಕಂಪನಿಗಳ ಸ್ಲಾಟ್‌ಗಳು ಮೇಳಕ್ಕೆ ಎರಡು ಮೂರು ವಾರ ಮುಂಚೆ ರೆಸ್ಯೂಮೆ ಹಾಕಿದವರಿಗೇ ಹಂಚಿಹೋಗಿರುತ್ತವೆ.

ಮಾತು ಶುರುಮಾಡುವಾಗ 'ನನಗೆ ಸೂಕ್ತವಾದ ಕೆಲಸ ಇದೆಯೇ' ಎಂದು ಕೇಳಬೇಡಿ. ಖಾಲಿ ಹುದ್ದೆಯ ಜಾಹೀರಾತಿನಲ್ಲಿರುವ ಹುದ್ದೆಯ ಸಂಖ್ಯೆ ಹೇಳಿ, ಆಮೇಲೆ ನಾಲ್ಕೇ ಮಾತು: ಎಂಬೆಡೆಡ್ ಸಾಫ್ಟ್‌ವೇರ್‌ನಲ್ಲಿ ಐದು ವರ್ಷ, ಪದವಿ ಅನಬಿನ್‌ನಲ್ಲಿ ಸಮಾನ, ಜರ್ಮನ್ ಬಿ1 ಪಾಸಾಗಿದೆ, ನೋಟಿಸ್ ಪಿರಿಯಡ್ 90 ದಿನ. ಇಷ್ಟು ಕೇಳಿದವರಿಗೆ ನಿಮ್ಮ ವೀಸಾ ಸಾಧ್ಯವೋ ಇಲ್ಲವೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ನೀವು ಕೇಳಬೇಕಾದದ್ದು: ಈ ಹಿಂದೆ ಯೂರೋಪಿನ ಹೊರಗಿನಿಂದ ಯಾರನ್ನಾದರೂ ಕರೆಸಿಕೊಂಡಿದ್ದೀರಾ? ವೇಗದ ವಿಧಾನದಲ್ಲಿ ಅರ್ಜಿ ಹಾಕುತ್ತೀರಾ? ಜರ್ಮನಿಯ ವಾಸ ಕಾನೂನಿನ 81ಎ ಕಲಮಿನಡಿ ಬರುವ ಈ ವಿಧಾನದಲ್ಲಿ ನಿಮ್ಮ ಪರವಾಗಿ ಕಂಪನಿಯೇ ಅಲ್ಲಿನ ವಿದೇಶಿಯರ ಕಚೇರಿಗೆ 411 ಯೂರೋ ಕಟ್ಟಿ ಕೆಲಸ ಆರಂಭಿಸುತ್ತದೆ. ಮಾನ್ಯತೆಯ ತೀರ್ಮಾನ ಎರಡು ತಿಂಗಳಲ್ಲಿ, ಉದ್ಯೋಗ ಸಂಸ್ಥೆಯ ಒಪ್ಪಿಗೆ ಒಂದು ವಾರದಲ್ಲಿ, ದೂತಾವಾಸದಲ್ಲಿ ಅಪಾಯಿಂಟ್‌ಮೆಂಟ್ ಮೂರು ವಾರದಲ್ಲಿ, ಆಮೇಲಿನ ತೀರ್ಮಾನ ಸಾಮಾನ್ಯವಾಗಿ ಇನ್ನು ಮೂರು ವಾರದಲ್ಲಿ ಆಗಬೇಕು. ಮೊದಲ ಸಲ ವಿದೇಶಿಯರನ್ನು ತೆಗೆದುಕೊಳ್ಳುವ ಸಣ್ಣ ಕಂಪನಿಗೆ ಇದು ಗೊತ್ತಿಲ್ಲದಿರಬಹುದು. 'ಮೇಕ್ ಇಟ್ ಇನ್ ಜರ್ಮನಿ' ಎಂಬ ಸರ್ಕಾರಿ ತಾಣದಲ್ಲಿ ಇದರ ವಿವರವಿರುವ ಪುಟದ ಕೊಂಡಿಯನ್ನು ನೀವೇ ಕಳಿಸಿದರೆ ಅವರ ಅರ್ಧ ಹೆದರಿಕೆ ಇಳಿಯುತ್ತದೆ.

ಮರುದಿನವೇ ಪತ್ರ ಬರೆಯಿರಿ. ರೆಸ್ಯೂಮೆ, ಪದವಿ, ಅನಬಿನ್ ಪುಟಗಳು, ಭಾಷೆಯ ಪ್ರಮಾಣಪತ್ರ, ಅನುಭವ ಪತ್ರ ಎಲ್ಲ ಒಂದೇ ಪಿಡಿಎಫ್‌ನಲ್ಲಿ, ಐದು ಎಂಬಿ ಮೀರದಂತೆ. ಫೈಲಿಗೆ 'ಫೈನಲ್ ನ್ಯೂ 2' ಎಂಬ ಹೆಸರು ಬೇಡ, ನಿಮ್ಮ ಹೆಸರು ಮತ್ತು ಹುದ್ದೆಯ ಸಂಖ್ಯೆ ಇರಲಿ.

ಕರಾರು ಕೈಗೆ ಬಂದಾಗ ಆತುರದಲ್ಲಿ ಈಗಿನ ಕಂಪನಿಗೆ ರಾಜೀನಾಮೆ ಕೊಟ್ಟು ಕೂರುವವರಿದ್ದಾರೆ. ಕೆಲಸ ಆರಂಭದ ದಿನಾಂಕದ ಪಕ್ಕ 'ವೀಸಾ ದೊರೆತ ನಂತರ' ಎಂಬ ಮಾತು ಇದೆಯೇ ಎಂದು ಮೊದಲು ನೋಡಿ, ಇಲ್ಲದಿದ್ದರೆ ಸೇರಿಸಲು ಕೇಳಿ. ಯಾವ ನೆಟ್ಟಗಿನ ಕಂಪನಿಯೂ ಇದಕ್ಕೆ ಒಲ್ಲೆ ಎನ್ನುವುದಿಲ್ಲ. 90 ದಿನದ ನೋಟಿಸ್ ಇರುವವರು ಆರಂಭದ ದಿನಾಂಕವನ್ನು ಐದಾರು ತಿಂಗಳ ಮುಂದಕ್ಕೆ ಹಾಕಿಸಿಕೊಂಡು, ಪಾಸ್‌ಪೋರ್ಟ್‌ನಲ್ಲಿ ವೀಸಾ ಅಂಟಿ ಬಂದ ಮೇಲೆ ರಾಜೀನಾಮೆ ಪತ್ರ ಕೊಡಬೇಕು.